ಎರಡು ಗಂಟೆಯದು ಹತ್ತಲಿಲ್ಲ

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ 8:40

ಹೊಸನಗರದ ನಮ್ಮ ಕಾಲೇಜಿನ ಲ್ಯಾಬಿನ ಬೀಗ ತೆಗೆದು, ಎಂದಿನಂತೆ ಮೂಲೆಯ ಹಳೇ ಕಂಪ್ಯೂಟರಿನ ಧೂಳು ಒರೆಸಿದೆ. ನಮ್ಮ ರಕ್ತದಾನಿಗಳ ಸೈಟ್ ಇರುವುದು ಅದರಲ್ಲೇ. ಸಾಗರ, ಹೊಸನಗರ, ತೀರ್ಥಹಳ್ಳಿ – ಮೂರು ತಾಲ್ಲೂಕಿನ ಹೆಸರುಗಳು. ಯಾರಾದರೂ ರಕ್ತ ಬೇಕೆಂದು ಬರೆದರೆ ಆ ಗುಂಪಿನವರಿಗೆಲ್ಲ ತಕ್ಷಣ ಮೆಸೇಜ್ ಹೋಗುತ್ತದೆ.

ಇವತ್ತು ಸ್ಕ್ರೀನ್ ಕಪ್ಪು. ಶನಿವಾರ ಸಂಜೆಯೇ ಸೈಟ್ ನಿಂತಿದೆ. ಕಟ್ಟಿದವಳು ನಾನು, ನನಗೇ ಗೊತ್ತಿಲ್ಲ.

ಸಂಜೆ 5:30

ಒಬ್ಬರು ಹುಡುಕಿಕೊಂಡು ಬಂದರು. ಭೂತಪ್ಪ, ತೀರ್ಥಹಳ್ಳಿ–ಹೊಸನಗರ–ಸಾಗರ ಬಸ್ಸಿನ ಕಂಡಕ್ಟರ್. ನಿನ್ನೆ ಸಾಗರದ ಆಸ್ಪತ್ರೆಯಲ್ಲಿ ಹೆಂಡತಿಗೆ ಹೆರಿಗೆ. ರಕ್ತ ನಿಲ್ಲಲಿಲ್ಲವಂತೆ. ಓ ನೆಗೆಟಿವ್ ಬೇಕಿತ್ತು.

"ನಿಮ್ ಸೈಟ್ ಒತ್ತಿ ಒತ್ತಿ ಸಾಕಾಯ್ತು ಮೇಡಂ. ಬರೀ ಚಕ್ರ ಸುತ್ತಾ ಇತ್ತು."

ಶಿವಮೊಗ್ಗದಿಂದ ರಕ್ತ ಬರಲು ಐದು ಗಂಟೆ ಹಿಡಿಯಿತಂತೆ. ಮಗು ಚೆನ್ನಾಗಿದೆ. ತಾಯಿ ಇನ್ನೂ ಐಸಿಯುನಲ್ಲಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನದೂ ಓ ನೆಗೆಟಿವ್. ಇಡೀ ಭಾನುವಾರ ಮನೆಯಲ್ಲಿ ಹಪ್ಪಳ ಒತ್ತುತ್ತಿದ್ದೆ. ಸಾಗರಕ್ಕೆ ಒಂದು ಗಂಟೆಯ ದಾರಿ... ನಾಚಿಕೆಯಾಗುತ್ತಿದೆ. ಇನ್ನು ಸೈಟ್ ನಿಂತರೆ ನನಗೆ ಗೊತ್ತಾಗಲೇಬೇಕು. ಅಷ್ಟೇ.

ಫೆಬ್ರವರಿ 12

ಸೈಟ್ ಕೆಟ್ಟರೆ ದಾನಿಗಳ ವಾಟ್ಸಾಪ್ ಗ್ರೂಪಿಗೆ ತಾನೇ ಸುದ್ದಿ ಹೋಗುವ ಹಾಗೆ ಮಾಡಿದೆ. ಬೇಕೆಂದೇ ನಿಲ್ಲಿಸಿ ನೋಡಿದೆ. "ಸೈಟ್ ನಿಂತಿದೆ" ಎಂಬುದಕ್ಕೆ ಇಪ್ಪತ್ತೆರಡು ನಮಸ್ಕಾರ, ಎರಡು ಬರ್ತ್‌ಡೇ ಕೇಕು. ಫೋನ್ ಮಾಡಿ ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಗುಲಾಬಿ ಹೂವಿನ ಶುಭೋದಯಗಳ ಕೆಳಗೆ ಹೂತೇಹೋಯಿತು.

ಬೇಡ. ಟೆಲಿಗ್ರಾಮಿನಲ್ಲಿ ಮೂರೇ ಜನರ ಗ್ರೂಪ್. ನಾನು, ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೇ ವಿದ್ಯಾರ್ಥಿ ನಿರಂಜನ, ಮತ್ತೆ ಭೂತಪ್ಪ. ಅವರೇ ಕೇಳಿಕೊಂಡರು – "ನನ್ನನ್ನೂ ಸೇರ್ಸಿ ಮೇಡಂ. ನಂಗೆ ಅದರ ಬೆಲೆ ಗೊತ್ತು."

ಫೆಬ್ರವರಿ 26

ನಾಲ್ಕು ಗಂಟೆ ಕಾಲ ಸೈಟ್ ಇರಲಿಲ್ಲ. ಒಂದೂ ಮೆಸೇಜ್ ಬರಲಿಲ್ಲ!

ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟಿತ್ತು. ಸುದ್ದಿ ಕಳಿಸುವ ಪ್ರೋಗ್ರಾಮನ್ನೂ ಅದೇ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಸತ್ತವನೇ ಬಂದು ಸಾವಿನ ಸುದ್ದಿ ಹೇಳಲಿ ಎಂದು ಕೂತ ಹಾಗಾಯಿತು. ಫೋನ್ ಸುಮ್ಮನಿದೆ, ಎಲ್ಲ ಕ್ಷೇಮ ಎಂದುಕೊಂಡು ನೆಮ್ಮದಿಯಾಗಿ ಊಟ ಮಾಡಿದ್ದೆ.

ನಿರಂಜನ ನಕ್ಕ. "ಬ್ಯಾಕಪ್ ಅದೇ ಡಿಸ್ಕಲ್ಲಿ ಇಟ್ಟಿದ್ದಕ್ಕೆ ನೀವೇ ನಂಗೆ ಮಾರ್ಕ್ಸ್ ಕಟ್ ಮಾಡಿದ್ರಿ, ನೆನಪಿದ್ಯಾ ಮೇಡಂ?"

ನೆನಪಿದೆ. ಸಿಟ್ಟು ನನ್ನ ಮೇಲೇ. ಬಿಡುವುದಿಲ್ಲ.

ಮಾರ್ಚ್ 1, ಭಾನುವಾರ

ಭೂತಪ್ಪನವರ ಬಸ್ಸಿನಲ್ಲೇ ಸಾಗರಕ್ಕೆ ಹೊರಟೆ. ಹೆಂಡತಿ, ಮಗು ಮನೆಗೆ ಬಂದು ವಾರವಾಯಿತಂತೆ. ಕಾಲಿಡಲು ಜಾಗವಿಲ್ಲ. ನಡುವೆ ಒಂದು ಸ್ಟಾಪಿನಲ್ಲಿ ಅವರು ಕೆಳಗಿದ್ದವರನ್ನು ಕೂಗಿ ಕೇಳಿದರು:

"ಶಾಂತಮ್ಮ ಎಲ್ಲಿ? ಸಂತೆಗೆ ಬರ್ಲಿಲ್ವಾ?"

ಜ್ವರವಂತೆ. ಇಷ್ಟು ಜನರ ನಡುವೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಹತ್ತಿದವ್ರನ್ನ ಯಾರು ಬೇಕಾದ್ರೂ ಎಣಿಸ್ತಾರೆ ಮೇಡಂ. ಯಾವಾಗ್ಲೂ ಹತ್ತೋರು ಹತ್ಲಿಲ್ಲ ಅಂದ್ರೆ ನಂಗೆ ಅದೇ ಕಣ್ಣಿಗೆ ಬೀಳೋದು."

ಟಿಕೆಟ್ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಎಷ್ಟು ಸುಲಭ! ಸೈಟ್ ಕೆಟ್ಟಾಗ ಹೇಳುವುದಲ್ಲ. ಚೆನ್ನಾಗಿರುವಾಗ ಹೇಳಬೇಕು. ಅರ್ಧ ಗಂಟೆಗೊಮ್ಮೆ ಒಂದೇ ಮಾತು – "ಇದ್ದೇನೆ". ಅದು ಬರದಿದ್ದರೆ ಏನೋ ಆಗಿದೆ ಎಂದೇ ಅರ್ಥ.

ಸಂಜೆಯೊಳಗೆ ನಿರಂಜನನ ಅಂಗಡಿಯಲ್ಲಿ ಕೂತು ಮುಗಿಸಿದೆ. ಸೈಟಿನ ಇನ್ನೊಂದು ಪ್ರತಿಯೂ ಅವನಲ್ಲೇ ಸಿದ್ಧ. ಹೊರಡುವಾಗ ನಮ್ಮ ಮೂವರ ಗ್ರೂಪಿಗೆ ಮೊದಲ "ಇದ್ದೇನೆ" ಬಂತು. ಖುಷಿಗೆ ಕಣ್ಣು ತುಂಬಿತು.

ಮಾರ್ಚ್ 18, ಬುಧವಾರ. ಮಧ್ಯಾಹ್ನ 2:35

ಪರೀಕ್ಷೆಯ ಡ್ಯೂಟಿ, ಫೋನ್ ಸ್ಟಾಫ್ ರೂಮಿನಲ್ಲಿ. 2:06ಕ್ಕೆ ಶ್ಯಾಮಲಾ ಮೇಡಂ ಓಡಿ ಬಂದು ಫೋನ್ ಕೊಟ್ಟರು. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಿಂದ ಭೂತಪ್ಪ.

"ಮೇಡಂ, ಎರಡು ಗಂಟೇದು ಹತ್ಲಿಲ್ಲ."

ಎರಡು ಗಂಟೆಯ "ಇದ್ದೇನೆ" ಬಂದಿರಲಿಲ್ಲ. ನಿರಂಜನನಿಗೆ ಹೇಳಿದೆ. 2:25ಕ್ಕೆ ಅವನಲ್ಲಿದ್ದ ಪ್ರತಿ ಎದ್ದಿತು. 2:30ಕ್ಕೆ – "ಇದ್ದೇನೆ".

2:50

ಫೋನ್ ಮತ್ತೆ ಸದ್ದು ಮಾಡಿತು. ಈ ಸಲ ಸೈಟಿನಿಂದ ದಾನಿಗಳಿಗೆಲ್ಲ ಹೋದ ಮೆಸೇಜ್. "ಓ ನೆಗೆಟಿವ್. ತುರ್ತು. ತುಮರಿಯ ಬಾಣಂತಿ. ಸಾಗರ ಆಸ್ಪತ್ರೆ."

ಬರುತ್ತೇನೆ ಎಂದು ಆಸ್ಪತ್ರೆಗೆ ಹೇಳಿದೆ. ಡ್ಯೂಟಿ ಶ್ಯಾಮಲಾ ನೋಡಿಕೊಳ್ಳುತ್ತಾರೆ.

3:25. ಬಸ್ ಸ್ಟ್ಯಾಂಡ್

ಡೈರಿ ಮೊಣಕಾಲ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಬಸ್ಸು ಬಂತು. ಭೂತಪ್ಪ ಬಾಗಿಲಲ್ಲೇ ನಿಂತು ಜನರ ಮೇಲೆ ಕಣ್ಣಾಡಿಸುತ್ತಿದ್ದಾರೆ. ಯಾರು ಹತ್ತಲಿಲ್ಲ ಎಂದು. ಇಲ್ಲೇ ಇದ್ದೇನೆ ಮಾರಾಯ್ರೇ, ಇದ್ದೇ—