ಎಲೆಯೊಳಗೆ ಎಲೆ

ಅಮ್ಮನಿಗೆ ಮಗಳ ನಮಸ್ಕಾರ. ಅಣ್ಣನ ಮಂಡಿ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಇವತ್ತು ವಾಕರ್ ಹಿಡಿದು ಹತ್ತು ಹೆಜ್ಜೆ ನಡೆದ. ಅದಕ್ಕಿಂತ ದೊಡ್ಡ ಸುದ್ದಿ, ಅತ್ತಿಗೆ ನನ್ನ ಜೊತೆ ಮಾತಾಡಿದರು! ನನ್ನ ಮದುವೆಯ ಸೀರೆ ಜಗಳವಾದ ಮೇಲೆ ಮೂರು ವರ್ಷ ಮುಖ ತಿರುಗಿಸಿಕೊಂಡಿದ್ದವರು.

ಮಧ್ಯಾಹ್ನ ಅಣ್ಣನೇ ಬಲವಂತ ಮಾಡಿ ನಮ್ಮಿಬ್ಬರನ್ನೂ ಆಸ್ಪತ್ರೆಯೆದುರಿನ ಗ್ರೀಕ್ ಹೋಟೆಲಿಗೆ ಕಳಿಸಿದ. ಒಂದು ಗಂಟೆ ಗೋಡೆ ನೋಡುತ್ತ ಕೂತೆವು. ಕೊನೆಗೆ ಸಪ್ಲೈಯರ್ ಫೋನಿನಲ್ಲಿ ಹರಟುತ್ತಲೇ ಬಂದು, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಮಾಡುವ ಸುರುಳಿಗಳ ತಟ್ಟೆಯನ್ನು ಕುಕ್ಕಿದ. ತಣ್ಣಗೆ ಕೊರೆಯುತ್ತಿತ್ತು. ಅತ್ತಿಗೆ ಒಂದು ಸುರುಳಿ ಬಿಚ್ಚಿದರು, ಒಳಗೆ ಎಲೆ. ಅದನ್ನೂ ಬಿಚ್ಚಿದರು, ಮತ್ತೆ ಎಲೆ!

“ಏನಪ್ಪಾ, ಇದ್ರಲ್ಲಿ ಅನ್ನ ಎಲ್ಲಿ?” ಎಂದು ಗದರಿದರು.

“ಅನ್ನ ಖಾಲಿಯಾಯ್ತು ಮೇಡಂ. ಅದಕ್ಕೇ ಎಲೆ ಜಾಸ್ತಿ ಹಾಕಿದೀವಿ,” ಎಂದ ಅವನು, ದೊಡ್ಡ ಉಪಕಾರ ಮಾಡಿದವನ ಹಾಗೆ.

ಅತ್ತಿಗೆ ನನ್ನ ಕಡೆ ತಿರುಗಿ, “ಕೇಳಿದ್ಯೇನೇ? ನಾವೇನು ಮೇಕೆಗಳಾ?” ಎಂದರು. ಅಷ್ಟೇ ಅಮ್ಮಾ! ನಾನು ‘ಮ್ಯಾ’ ಎಂದೆ. ಅತ್ತಿಗೆಗೆ ನಗುತ್ತ ನಗುತ್ತ ನೀರು ನೆತ್ತಿಗೇರಿ, ನಾನೇ ಬೆನ್ನು ತಟ್ಟಬೇಕಾಯಿತು. ಸುತ್ತಲಿನವರೆಲ್ಲ ತಿರುಗಿ ನೋಡಿದರು.

ವಾಪಸ್ ಬಂದಾಗ ಅಣ್ಣ, “ಊಟ ಹೇಗಿತ್ತು?” ಎಂದ.

“ತುಂಬಾ ಚೆನ್ನಾಗಿತ್ತು!” ಎಂದೆವು ಇಬ್ಬರೂ ಒಟ್ಟಿಗೇ. ಅವನು ಬಿಟ್ಟ ಬಾಯಿ ಮುಚ್ಚಲಿಲ್ಲ.

ಶುಕ್ರವಾರ ಹೊಲಿಗೆ ಬಿಚ್ಚುತ್ತಾರೆ. ನೀನು ಬಿ.ಪಿ. ಮಾತ್ರೆ ತಪ್ಪಿಸಬೇಡ. ಇನ್ನೂ ಬರೆಯುತ್ತಿದ್ದೆ, ಆದರೆ “ಇಲ್ಲಿ ಕೊಡೇ, ಅತ್ತೆಗೆ ನಾನೂ ಎರಡು ಸಾಲು ಬರೀತೀನಿ” ಎಂದು ಅತ್ತಿಗೆ ಕಾರ್ಡು ಎಳೆಯುತ್ತಿದ್ದಾರೆ.

ನಿನ್ನ ಮಗಳು