ಇಚಿಲಂಪಾಡಿಯ ಕೋಳಿ, ಶಾರ್ಜಾದ ಕಂಪ್ಯೂಟರ್

ಬೆಳ್ಳಾರೆ
೨೪ ಆಗಸ್ಟ್ ೨೦೨೫

ಪ್ರೀತಿಯ ಸಫೀರ್ ಅವರಿಗೆ ನಿಮ್ಮ ಸುಹಾನಾಳ ಸಲಾಂ.

ಇಲ್ಲಿ ನಾನು ಚೆನ್ನಾಗಿದ್ದೇನೆ, ನಿಮ್ಮ ಉಮ್ಮ ಚೆನ್ನಾಗಿದ್ದಾರೆ, ಮಗಳು ಅಮೀರಾ ಎದುರಿನ ಹಲ್ಲು ಬಿದ್ದು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾಳೆ. ಕಾರೂ ಚೆನ್ನಾಗಿದೆ. ಕೊನೆಯದನ್ನು ನೀವು ನಂಬುವುದಿಲ್ಲ ಎಂದು ಗೊತ್ತು. ಅದಕ್ಕೇ ಈ ಕಾಗದ.

ಕೈಯಲ್ಲಿ ಫೋನ್ ಇರುವಾಗ ಇದೆಂಥ ಹಳೆಕಾಲದ ಬುದ್ಧಿ ಎಂದು ನಗಬೇಡಿ. ಫೋನಿನಲ್ಲಿ ನಾನು ಕಾರಿನ ಸುದ್ದಿ ತೆಗೆದರೆ ಸಾಕು, ನೀವು ಗುಜರಿಗೆ ಕೊಡು ಅನ್ನುತ್ತೀರಿ. ನಾನು ಸ್ವರ ಏರಿಸುತ್ತೇನೆ. ರೂಮಿನವರು ಕೇಳುತ್ತಾರೆಂದು ನೀವು ಇಟ್ಟುಬಿಡುತ್ತೀರಿ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲ. ನಿಮ್ಮ ಗೆಳೆಯ ರಮೀಝ್ ರಜೆ ಮುಗಿಸಿ ನಾಡಿದ್ದು ಶಾರ್ಜಾಕ್ಕೆ ಹೊರಡುತ್ತಾರೆ, ಹಲಸಿನ ಹಪ್ಪಳದ ಕಟ್ಟಿನ ಜೊತೆ ಇದನ್ನೂ ಅವರ ಕೈಯಲ್ಲಿ ಕೊಡುತ್ತೇನೆ. ಹಪ್ಪಳವನ್ನು ರೂಮಿನವರಿಗೆ ಹಂಚಿ. ಕಾಗದವನ್ನು ಒಬ್ಬರೇ ಕೂತು ಓದಿ.

ಮೊದಲು ಒಂದು ಮಾತು. ನಿಮಗೆ ಅದು ಇಪ್ಪತ್ತು ವರ್ಷ ದಾಟಿದ ಹಳೆ ಪೆಟ್ರೋಲ್ ಗಾಡಿ. ನಾನು ಬಂದ ಮೇಲೆ ಹೊಸದು ತೆಗೆಯುವ ಎಂದು ನೀವು ಹೇಳುತ್ತಲೇ ಇದ್ದೀರಿ, ನೀವು ಬರುವುದು ಎರಡು ವರ್ಷಕ್ಕೊಮ್ಮೆ. ನಡುವಿನ ದಿನಗಳಲ್ಲಿ ನಾನು ಎಲ್. ಬೋರ್ಡ್ ಅಂಟಿಸಿ ಆ ಕಾರಿನ ಎಡಗಡೆ ಸೀಟಿನಲ್ಲಿ ಕೂರುತ್ತೇನೆ, ಬಲಗಡೆ ಯಾರಾದರೂ ಹೆಂಗಸು ಕೂರುತ್ತಾಳೆ. ಕ್ಲಚ್ಚಿನಿಂದ ಕಾಲು ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದವರು ತಿಂಗಳು ಕಳೆಯುವಾಗ ಪೇಟೆಯ ಬಸ್ ಸ್ಟ್ಯಾಂಡಿನ ಎದುರು ಹಾರನ್ ಹೊಡೆದು ಬಸ್ಸಿನವನಿಗೇ ದಾರಿ ಬಿಡಲು ಹೇಳುತ್ತಾರೆ. ಅದನ್ನು ನೋಡುವಾಗ ನನಗೆ ಆಗುವ ಸಂತೋಷವನ್ನು ನಿಮಗೆ ಹೇಗೆ ತಿಳಿಸಲಿ? ಆ ಸೀಟಿನಲ್ಲಿ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಟೀಚರ್. ಕಾರು ಹೋದರೆ ನನ್ನ ಆ ಹೆಸರೂ ಹೋಗುತ್ತದೆ. ಇದನ್ನು ಫೋನಿನಲ್ಲಿ ಹೇಳಲು ಒಮ್ಮೆಯೂ ಸಮಯ ಸಿಗಲಿಲ್ಲ.

ಇನ್ನು ಕಾರು ನಿಂತದ್ದು ಹೇಗೆ ಎಂಬ ವಿಷಯ. ನೀವು ಕೇಳಿದಾಗಲೆಲ್ಲ ಹಳೆಯದಲ್ಲವೇ ಎಂದು ತೇಲಿಸಿಬಿಟ್ಟೆ. ನಿಜ ಹೇಳಲು ಈಗ ಉಮ್ಮನ ಅಪ್ಪಣೆ ಸಿಕ್ಕಿದೆ, ಬರೆಯುತ್ತಿದ್ದೇನೆ.

ಜೂನ್ ಮೊದಲ ವಾರ ನಿಮ್ಮ ತಂಗಿ ಜಸೀನಾ ಕಡಬದಿಂದ ಫೋನ್ ಮಾಡಿ, ಬಾಯಿ ಸಪ್ಪೆ ಆಗಿದೆ, ಉಪ್ಪುಸೊಳೆ ಬೇಕು ಎಂದಳು. ಬಸುರಿ ಕೇಳಿದ ಮೇಲೆ ಉಮ್ಮ ಸುಮ್ಮನಿರುತ್ತಾರೆಯೇ? ಉಪ್ಪುನೀರಿನಲ್ಲಿ ಹಲಸಿನ ಸೊಳೆ ಹಾಕಿಟ್ಟ ದೊಡ್ಡ ಭರಣಿಯನ್ನೇ ಎತ್ತಿದರು. ಹಿಂದೆ ಡಿಕ್ಕಿಯಲ್ಲಿಟ್ಟರೆ ಉರುಳಿ ಒಡೆಯುತ್ತದೆಂದು ಅದನ್ನು ಮುಂದಿನ ಸೀಟಿನ ಕಾಲಬುಡದಲ್ಲಿಟ್ಟು, ಎರಡು ಪಾದದ ನಡುವೆ ಒತ್ತಿ ಹಿಡಿದು ಕೂತರು. ನಾನು ಬೇಡವೆಂದೆ. ಅವರು, ನಿನ್ನ ಗಂಡನನ್ನು ಎತ್ತಿ ಆಡಿಸಿದ ಕಾಲು ಇದು, ಒಂದು ಭರಣಿ ಹಿಡಿಯಲಿಕ್ಕೆ ಆಗುದಿಲ್ವಾ ಎಂದರು. ನಿಂತಿಕಲ್ಲಿನ ತಿರುವಿನಲ್ಲಿ ಎದುರಿನಿಂದ ಲಾರಿ ಬಂತು, ನಾನು ಬ್ರೇಕ್ ಒತ್ತಿದೆ. ಸೊಳೆ ಒಳಗೇ ಉಳಿಯಿತು. ನೀರು ಮ್ಯಾಟಿನ ಅಡಿಗೆ ಹೋಯಿತು. ನಾವಿಬ್ಬರೂ ಭರಣಿ ಒಡೆಯಲಿಲ್ಲವೆಂದು ಖುಷಿಪಟ್ಟೆವು.

ಆ ಕಾರಿನ ಇಂಜಿನ್ನನ್ನು ನಡೆಸುವ ಕಂಪ್ಯೂಟರ್ ಇರುವುದು ಅಲ್ಲೇ, ಆ ಕಾಲಬುಡದಲ್ಲೇ, ಎಂದು ನಮಗೆ ಗೊತ್ತಿರಲಿಲ್ಲ. ಒಂದು ವಾರದ ನಂತರ ಕಾರು ದಾರಿಯಲ್ಲಿ ಮಲಗಿತು. ನಮ್ಮ ಗ್ಯಾರೇಜಿನ ಅಚ್ಚುತಣ್ಣ ಮೊದಲು ಪ್ಲಗ್ ಬದಲಿಸಿದರು, ಆಮೇಲೆ ಪೆಟ್ರೋಲ್ ಪಂಪಿನ ಮೇಲೆ ಸಂಶಯಪಟ್ಟರು. ಕೊನೆಗೆ ಮ್ಯಾಟ್ ಎತ್ತಿ ಆ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಅವರು ಮೂಸಿ ನೋಡಿ, ಇದೆಂತ, ಇದರಲ್ಲಿ ಹಲಸಿನ ವಾಸನೆ ಉಂಟಲ್ಲ ಮಾರಾಯ್ರೆ ಎಂದರು. ಉಮ್ಮ ಅಲ್ಲೇ ಇದ್ದರು. ತಲೆಗೆ ಹೊದ್ದ ತಟ್ಟದ ಬಟ್ಟೆ ಸರಿಮಾಡಿಕೊಂಡು ಮನೆಗೆ ನಡೆದರು. ಇದನ್ನು ಬರೆಯಲು ಅಪ್ಪಣೆ ಕೊಡುವವರೆಗೆ ಆ ಬಗ್ಗೆ ಮಾತೇ ಎತ್ತಲಿಲ್ಲ. ಉಪ್ಪುಸೊಳೆಯ ಪಲ್ಯ ಕೂಡ ಮಾಡಲಿಲ್ಲ.

ಆಮೇಲಿನದ್ದು ನಿಮಗೆ ಗೊತ್ತಿದೆ. ನೀವು ಶಾರ್ಜಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಬಿಸಿಲಿಗೆ ಅಲೆದು ಒಂದು ಕಂಪ್ಯೂಟರ್ ಹುಡುಕಿ, ರಜೆಯಲ್ಲಿ ಬರುತ್ತಿದ್ದ ರಮೀಝ್ ಕೈಯಲ್ಲಿ ಕಳಿಸಿದಿರಿ. ಅದೇ ಕಂಪೆನಿ, ಅದೇ ಹೆಸರಿನ ಕಾರು, ವಯರಿನ ಪ್ಲಗ್ಗೂ ಸರಿಯಾಗಿ ಕೂತಿತು. ಆದರೆ ಇಂಜಿನ್ ಶುರುವಾಗಿ ಕಪ್ಪು ಹೊಗೆ ಉಗುಳಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಕೆಮ್ಮಿ ನಿಂತಿತು. ಗ್ಯಾರೇಜಿನ ತುಂಬ ಪೆಟ್ರೋಲ್ ವಾಸನೆ. ಅಚ್ಚುತಣ್ಣ, ಕಳಿಸಿದ್ದೇ ಹಾಳು ಎಂದರು. ನಾನು ಅದನ್ನು ನಿಮಗೆ ಹಾಗೆಯೇ ಹೇಳಿದೆ, ನಿಮಗೆ ನೋವಾಯಿತು. ಗುಜರಿಯ ಮಾತು ಶುರುವಾದದ್ದೇ ಆ ದಿನ. ಅದಕ್ಕೆ ಜೊತೆಯಾಗಿ, ಸಫೀರನ ಹೆಂಡತಿ ಊರ ಹೆಂಗಸರಿಗೆಲ್ಲ ಡ್ರೈವಿಂಗ್ ಕಲಿಸುವುದು ಉಮ್ಮನಿಗೆ ಇಷ್ಟವಿಲ್ಲ, ಉಮ್ಮ ಬೇಡ ಅಂದರೆ ಬೇಡ ಎಂಬ ಮಾತೂ ಬಂತು. ಇಷ್ಟವಿಲ್ಲವೆಂದು ಉಮ್ಮ ನಿಮ್ಮ ಹತ್ತಿರ ಹೇಳಿದ್ದರೇ, ನೀವೇ ಅಂದುಕೊಂಡದ್ದೇ? ನಾನು ಕೇಳಲಿಲ್ಲ. ಕೇಳಲು ಹೆದರಿದೆ.

ಸಿಟ್ಟು ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿಮಗೆ ತಿಳಿದದ್ದೇ. ಮರುದಿನ ಗ್ಯಾರೇಜಿಗೆ ಹೋಗಿ, ಇಂಜಿನ್ ಕೆಮ್ಮುತ್ತಿರುವಾಗಲೇ ಕೈಗೆ ಸಿಕ್ಕಿದ ಒಂದು ವಯರಿನ ಪ್ಲಗ್ ಎಳೆದೆ. ಅಚ್ಚುತಣ್ಣ ಅಯ್ಯೋ ಎಂದು ಕೂಗಿದರು. ಕೂಗು ಮುಗಿಯುವಷ್ಟರಲ್ಲಿ ಇಂಜಿನ್ ಸದ್ದು ಸಮಾಧಾನಕ್ಕೆ ಬಂದಿತ್ತು. ಹೊಗೆಯೂ ತೆಳುವಾಯಿತು. ಇಬ್ಬರೂ ಮುಖ ಮುಖ ನೋಡಿದೆವು. ನಾನು ಎಳೆದದ್ದು ಇಂಜಿನ್ನಿನ ಒಳಗೆ ಎಷ್ಟು ಗಾಳಿ ಹೋಗುತ್ತದೆಂದು ಅಳೆಯುವ ಸೆನ್ಸರಿನ ಪ್ಲಗ್.

ಆಮೇಲೆ ನಾನು ಮೊಬೈಲಿನಲ್ಲಿ ಹುಡುಕಿದೆ, ಅಚ್ಚುತಣ್ಣ ಮಂಗಳೂರಿನ ತಮ್ಮ ಗುರುಗಳಿಗೆ ಫೋನ್ ಮಾಡಿದರು, ಇಬ್ಬರಿಗೂ ಒಂದೇ ಉತ್ತರ ಸಿಕ್ಕಿತು. ನೀವು ಕಳಿಸಿದ ಕಂಪ್ಯೂಟರ್ ಅದೇ ಕಾರಿನ ನಂತರದ ಮಾದರಿಯದ್ದು. ಅದಕ್ಕೆ ದೊಡ್ಡ ಬಾಯಿಯ ಸೆನ್ಸರ್ ಜೋಡಿ. ನಮ್ಮ ಕಾರಿನಲ್ಲಿದ್ದದ್ದು ಸಣ್ಣ ಬಾಯಿಯದ್ದು. ಅಳೆಯುವವನು ಪಾವಿನಲ್ಲಿ ಅಳೆದು ಹಾಕುತ್ತಾನೆ, ಎಣಿಸುವವನು ಸೇರು ಎಂದು ಎಣಿಸಿಕೊಂಡು ಅಷ್ಟಕ್ಕೂ ಪೆಟ್ರೋಲ್ ಸುರಿಯುತ್ತಾನೆ. ಹೊಗೆ ಬರದೆ ಇನ್ನೇನು? ಪ್ಲಗ್ ಕಿತ್ತಾಗ ಕಂಪ್ಯೂಟರ್ ಅಳತೆ ಕೇಳುವುದನ್ನು ಬಿಟ್ಟು ತನ್ನ ಅಂದಾಜಿನಲ್ಲಿ ನಡೆಸಿತು, ಆದರೆ ಬರೀ ಅಂದಾಜಿನಲ್ಲಿ ಏರು ಹತ್ತಲು ಆಗುವುದಿಲ್ಲ. ಅಂದರೆ, ಸಫೀರ್, ನೀವು ಕಳಿಸಿದ್ದು ಹಾಳಾಗಿರಲಿಲ್ಲ. ಅದರ ಜೋಡಿ ಇಲ್ಲಿರಲಿಲ್ಲ, ಅಷ್ಟೇ. ಇದನ್ನು ಹೇಳಲು ಅಂದೇ ಫೋನ್ ಮಾಡಿದ್ದೆ. ಕಾರು ಎಂದ ಕೂಡಲೇ ನೀವು ಇಟ್ಟಿರಿ.

ಜೋಡಿ ಎಲ್ಲಿ ಸಿಗುತ್ತದೆ? ದಾರಿ ತೋರಿಸಿದ್ದು ನನ್ನ ವಿದ್ಯಾರ್ಥಿನಿ, ಇಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ದೀಕ್ಷಿತಾ. ಅವಳ ಅಜ್ಜ ದೇರಣ್ಣ ಗೌಡರು ಇಚಿಲಂಪಾಡಿಯಲ್ಲಿದ್ದಾರೆ. ಅವರ ಕೊಟ್ಟಿಗೆಯ ಪಕ್ಕ ಇದೇ ಕಾರಿನ ನಂತರದ ಮಾದರಿ ಗೇರ್‌ಬಾಕ್ಸ್ ಒಡೆದು ಎಷ್ಟೋ ವರ್ಷದಿಂದ ನಿಂತಿದೆಯಂತೆ. ಅಚ್ಚುತಣ್ಣನ ಬೈಕಿನ ಹಿಂದೆ ಕೂರುವುದು ಸರಿಯಲ್ಲವೆಂದು ನಾನೂ ದೀಕ್ಷಿತಾಳೂ ಎರಡು ಬಸ್ಸು ಬದಲಿಸಿ ಹೋದೆವು, ಅವರು ನಮಗಿಂತ ಮೊದಲೇ ಮುಟ್ಟಿ ಮಜ್ಜಿಗೆ ಕುಡಿಯುತ್ತಿದ್ದರು.

ದೇರಣ್ಣಜ್ಜ ಕಾರಿನ ಮೇಲೆ ಮುಚ್ಚಿದ್ದ ತೆಂಗಿನ ಮಡಲು ಸರಿಸಿದರು. ಬಾನೆಟ್ ಇರಲಿಲ್ಲ. ಕಂಪ್ಯೂಟರನ್ನು ಅದರ ವಯರಿನ ಸಮೇತ ಇಲಿ ಮುಗಿಸಿತ್ತು. ಆದರೆ ಗಾಳಿ ಸೋಸುವ ಪೆಟ್ಟಿಗೆ ಇತ್ತು, ಅದಕ್ಕೆ ಅಂಟಿಕೊಂಡು ನಮಗೆ ಬೇಕಾದ ಸೆನ್ಸರ್ ಇತ್ತು, ಅದರ ಮೇಲೆ ಹುಲ್ಲು ಹಾಸಿಕೊಂಡು ಒಂದು ಕೆಂಪು ಕೋಳಿ ಕೂತಿತ್ತು. ನಮ್ಮನ್ನು ನೋಡಿ ಗರಿ ಉಬ್ಬಿಸಿತು.

ಬೇಕಾದ್ದನ್ನು ಬಿಚ್ಚಿಕೊಂಡು ಹೋಗಿ ಎಂದು ಅಜ್ಜ ಧಾರಾಳವಾಗಿ ಹೇಳಿದರು. ಕೂಡಲೇ, ಆದ್ರೆ ಈಗ ಆಗುದಿಲ್ಲ, ಕೋಳಿ ಕಾವಿಗೆ ಕೂತುಂಟು, ಮರಿ ಆದ ಮೇಲೆ ಬನ್ನಿ ಎಂದೂ ಸೇರಿಸಿದರು. ಮೊಟ್ಟೆ ಸಮೇತ ಬುಟ್ಟಿಗೆ ವರ್ಗ ಮಾಡುವ ಎಂದು ಅಚ್ಚುತಣ್ಣ ಸಲಹೆ ಕೊಟ್ಟರು. ಜಾಗ ಬದಲಿಸಿದರೆ ಇದು ಕಾವು ಬಿಡ್ತದೆ, ನಿನ್ನ ಗ್ಯಾರೇಜಿನ ಅವಸರಕ್ಕೆ ನನ್ನ ಕೋಳಿ ಏಳುದಿಲ್ಲ ಎಂದು ಅಜ್ಜ ಗದರಿದರು. ಯಾವ ಮುಖ ಇಟ್ಟು ಒತ್ತಾಯ ಮಾಡಲಿ? ಬರಿಗೈಯಲ್ಲಿ ಬಂದೆವು. ಬಸ್ಸಿನಲ್ಲಿ ದೀಕ್ಷಿತಾ ನಗುತ್ತಲೇ ಇದ್ದಳು, ನನಗೆ ಅಳು ಬಂತು. ಆ ವಾರವೇ ನೀವು ಪುತ್ತೂರಿನ ಗುಜರಿ ಅಂಗಡಿಯ ಅದ್ರಾಮ ಅವರ ಹತ್ತಿರ ಮಾತಾಡಿ ಗಾಡಿ ಎತ್ತಲು ಹೇಳಿದ್ದು ನನಗೆ ಗೊತ್ತಾಗಿತ್ತು.

ಈಗ ಅವರು ಗಾಡಿ ಎತ್ತಲು ಬಂದ ದಿನದ ವಿಷಯ. ಉಮ್ಮನನ್ನು ನಾನು ಎತ್ತಿಕಟ್ಟಿದೆನೆಂದು ನೀವು ಫೋನಿನಲ್ಲಿ ಹೇಳಿದಿರಲ್ಲ, ಆ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ. ನಾನು ಮನೆಯಲ್ಲೇ ಇರಲಿಲ್ಲ, ಅಮೀರಾಳ ಶಾಲೆಗೆ ಹೋಗಿದ್ದೆ. ಆಚೆಮನೆಯ ಜೈನಬಮ್ಮ ಕಣ್ಣಾರೆ ಕಂಡು ಹೇಳಿದ್ದನ್ನೇ ಬರೆಯುತ್ತೇನೆ. ಗ್ಯಾರೇಜಿನಿಂದ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಕಾರಿಗೆ ಅದ್ರಾಮ ಅವರು ಹಗ್ಗ ಕಟ್ಟಲು ಬಗ್ಗಿದ್ದರು. ಉಮ್ಮ ಬಂಗುಡೆ ಶುಚಿ ಮಾಡುತ್ತಿದ್ದವರು ಕೈ ತೊಳೆದು ಬಂದರು, ಡ್ರೈವರ್ ಸೀಟಿನಲ್ಲಿ ಕೂತರು, ಬಾಗಿಲು ಹಾಕಿಕೊಂಡರು. ಅದ್ರಾಮ ಅವರು, ಇಳಿಯಿರಿ ರುಕಿಯಾತ, ಮಗನೇ ಹೇಳಿದ್ದು ಎಂದರಂತೆ. ಉಮ್ಮ ಗ್ಲಾಸ್ ಇಳಿಸಿ, ಮಗ ಹೇಳಿದ್ದು ಕಾರಿಗೆ, ನಾನು ಇದರ ಒಳಗೆ ಉಂಟು, ನನ್ನನ್ನೂ ತೂಕಕ್ಕೆ ಹಾಕು ಎಂದರಂತೆ. ಸಂಜೆಯ ಅಸರ್ ಬಾಂಗ್ ಆಗುವವರೆಗೆ ಇಳಿಯಲಿಲ್ಲ. ಅಷ್ಟರಲ್ಲಿ ಗುಜರಿಯ ಟೆಂಪೋ ಹೋಗಿಯಾಗಿತ್ತು. ಅಲ್ಲೊಂದು ಕೋಳಿ ಏಳುವುದಿಲ್ಲ, ಇಲ್ಲಿ ಇವರು! ಇದನ್ನು ಅವರಿಗೆ ಓದಿ ಹೇಳಬೇಡಿ.

ನಾನು ಬಂದು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಮೀನು ಬೆಕ್ಕು ತಿಂದಿತು, ಸಾರಿಗೆ ಬೇರೆ ಎಂತ ಉಂಟು ನೋಡು ಎಂದರು. ಅಷ್ಟೇ.

ಕೊನೆಗೊಮ್ಮೆ ದೀಕ್ಷಿತಾ ಫೋಟೋ ಕಳಿಸಿದಳು. ಬ್ಯಾಟರಿ ಇಡುವ ತಟ್ಟೆಯ ಮೇಲೆ ಸಾಲಾಗಿ ಮರಿಗಳು. ಕಳೆದ ಮಂಗಳವಾರ ಹೋಗಿ ಸೆನ್ಸರ್ ಬಿಚ್ಚಿ ತಂದೆವು. ಕೊಳವೆಯೊಳಗೆ ಹುಲ್ಲು, ಗರಿ, ಹೇಳಬಾರದ್ದೆಲ್ಲ ಇತ್ತು. ಅಚ್ಚುತಣ್ಣ ಅದನ್ನು ಹಸುಗೂಸಿನ ಕಿವಿ ಒರೆಸಿದ ಹಾಗೆ ಒರೆಸಿದರು. ಅದರ ಬಾಯಿ ನಮ್ಮ ರಬ್ಬರ್ ಪೈಪಿಗಿಂತ ದೊಡ್ಡದು, ನೀರಿನ ಪಂಪಿನ ಪೈಪಿನ ತುಂಡೊಂದನ್ನು ನಡುವೆ ಕೊಟ್ಟು ಬಿಗಿದೆವು. ನಾನು ಬಿಸ್ಮಿಲ್ಲಾ ಹೇಳಿ ಕೀ ತಿರುಗಿಸಿದೆ. ಒಮ್ಮೆ ಕಪ್ಪು ಹೊಗೆ ಬಂತು. ಆಮೇಲೆ ತೆಳುವಾಯಿತು. ಆಮೇಲೆ ಹೊಗೆಯೇ ಇಲ್ಲ. ಅಚ್ಚುತಣ್ಣ ಹೊಗೆ ಕೊಳವೆಯ ಎದುರು ಹೆಗಲ ಮೇಲಿನ ಬಿಳಿ ಬೈರಾಸು ಹಿಡಿದು, ಮಸಿ ತಾಗದ್ದು ನೋಡಿ, ಕಳಿಸಿದ ಸಾಮಾನು ಹಾಳು ಅಂತ ಹೇಳಿದ್ದು ನಾನೇ, ಸಫೀರಣ್ಣನಿಗೆ ಹೇಳಿ ಎಂದರು. ಹೇಳಿದ್ದೇನೆ.

ನಿಂತಿಕಲ್ಲಿನವರೆಗೆ ಒಬ್ಬಳೇ ಹೋದೆ. ಏರಿನಲ್ಲಿ ಕಾರು ಒಂದಿಷ್ಟೂ ಕೆಮ್ಮದೆ ಎಳೆಯಿತು. ಬದಿಗೆ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಇಟ್ಟು ಅತ್ತೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು, ಎಂತ ಆಯ್ತು, ಗಾಡಿ ಹಾಳಾಯ್ತಾ ಎಂದು ಕೇಳಿದರು. ಇಲ್ಲ, ಸರಿ ಆಯ್ತು ಎಂದೆ.

ಸಫೀರ್, ನಿಮ್ಮ ಮಾತು ಮೀರಿ ಕಲಿಸುತ್ತಾ ಹೋಗಲು ನನಗೆ ಮನಸ್ಸಿಲ್ಲ. ನಿಮ್ಮ ಮಾತಿಗೆ ಕಟ್ಟುಬಿದ್ದು ಬಿಡಲೂ ಮನಸ್ಸಿಲ್ಲ. ನೀವೇ ಹುಡುಕಿ ಕಳಿಸಿದ ಕಂಪ್ಯೂಟರಿನಿಂದ ಇವತ್ತು ಆ ಕಾರು ಓಡುತ್ತಿದೆ. ಊರವರ ಮಾತು ಬಿಡಿ. ಊರವರ ಹೆಂಡತಿಯರೇ ನನ್ನ ಹತ್ತಿರ ಕಲಿಯಲು ಬರುತ್ತಾರೆ. ಉಮ್ಮನಿಗೆ ಇಷ್ಟವಿಲ್ಲ ಎಂಬ ಮಾತೊಂದು ಉಳಿಯಿತು. ಅದನ್ನು ಅವರನ್ನೇ ಕೇಳಿ. ಅದ್ರಾಮ ಅವರಿಗೆ ಫೋನ್ ಮಾಡಿ ಬೇಡವೆಂದು ಹೇಳಿ, ಆಮೇಲೆ ನನಗೆ ಫೋನ್ ಮಾಡಿ. ಈ ಸಲ ನಾನು ಸ್ವರ ಏರಿಸುವುದಿಲ್ಲ, ನೀವು ಇಡಬೇಡಿ.

ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಮೊಸರು ತಿನ್ನಿ.

ನಿಮ್ಮವಳೇ,
ಸುಹಾನಾ

ತಾ.ಕ.: ಕಾಗದ ಮಡಚುವಾಗ ಉಮ್ಮ ಬಂದು ಪಕ್ಕದಲ್ಲಿ ಕೂತಿದ್ದಾರೆ. ತನ್ನದೂ ಒಂದು ಮಾತು ಬರೆಯಬೇಕಂತೆ. ಅವರು ಬ್ಯಾರಿಯಲ್ಲಿ ಹೇಳುತ್ತಿದ್ದಾರೆ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಮೋನೇ ಸಫೀರ್, ನನಗೆ ಇಷ್ಟ ಇಲ್ಲ ಹೇಳಿ ನಿನ್ನ ಹತ್ರ ಯಾರು ಹೇಳಿದ್ದು? ಜಸೀನಾಳ ಹೆರಿಗೆಗೆ ಕಡಬಕ್ಕೆ ಹೋಗಲಿಕ್ಕೆ ನಾನು ಯಾರ ಕಾಲು ಹಿಡಿಯುದು? ಮೊನ್ನೆ ಶುಕ್ರವಾರ ನನ್ನ ಎಲ್.ಎಲ್. ಬಂತು, ಕಲಿಯುವ ಲೈಸೆನ್ಸ್. ಫೋಟೋದಲ್ಲಿ ಮುಖ ಸ್ವಲ್ಪ ಕಪ್ಪು ಬಂದುಂಟು, ಅಡ್ಡಿಲ್ಲ. ಎರಡನೇ ಗೇರಿನವರೆಗೆ ಆಯ್ತು, ಸೊಸೆ ಬಯ್ತಾಳೆ, ಆದ್ರೂ ಒಳ್ಳೆದು ಕಲಿಸ್ತಾಳೆ. ನಾನು ಮೂರನೇ ಗೇರಿಗೆ ಬರುವ ಮೊದಲು ಕಾರು ಮಾರುವ ಸುದ್ದಿ ತೆಗೆದರೆ ನೋಡು."