ಬಿದಿರು ತಿರುವಿನಲ್ಲಿ ಕೂಗಿದ ದನಿ

ಮಾರ್ಚ್ 4, ಮಂಗಳವಾರ, ಬೆಳಗ್ಗೆ 6

ಬ್ರೇಕ್ ಸರಿ. ಗಾಳಿ ಸರಿ. ಬೆಲ್ ಸಡಿಲ… ಬಂದಮೇಲೆ ಬಿಗಿ ಮಾಡಿದರಾಯಿತು. ಇವತ್ತು ಲಿಮುರು ಕಾಡಿನಲ್ಲಿ ಸೌದೆ ಆರಿಸುವ ಹೆಂಗಸರ ದಿನ. ನಿಧಾನ ಹೋಗಬೇಕು. ಪ್ರತಿ ಭಾನುವಾರ ಹೊಸ ಸೈಕಲ್‌ನವರಿಗೆ ಇದನ್ನೇ ಬೋಧಿಸುವವಳು ನಾನು.

ಅದೇ ದಿನ, 11 ಗಂಟೆ

ಇಳಿಜಾರಿನಲ್ಲಿ ಜೋರಾಗಿಯೇ ಬಂದೆ. ಬಿದಿರು ತಿರುವಿನಲ್ಲಿ ಸೌದೆ ಹೆಂಗಸರ ಪೈಕಿ ಕಬೂರಾ ಅಜ್ಜಿ. ಬೆನ್ನ ಮೇಲೆ, ಹಣೆಗೆ ಕಟ್ಟಿದ ಪಟ್ಟಿಯಿಂದ ತೂಗಿದ ಸೌದೆ ಹೊರೆ, ಕಣ್ಣು ನೆಲದಲ್ಲಿ. ಬೆಲ್ ಒತ್ತಿದೆ. ಸದ್ದಿಲ್ಲ. "ದಾರಿ ಬಿಡೀ!" ಎಂದು ಕೂಗಿದೆ. ದಾರಿ ಬಿಡುವಾಗ ಹೊರೆ ಹೊತ್ತವರು ದಿಬ್ಬಕ್ಕೆ ಒರಗಿ ನಿಲ್ಲುತ್ತಾರೆ, ಇಳಿಸಿದರೆ ಮತ್ತೆ ಎತ್ತಲು ಇನ್ನೊಬ್ಬರು ಬೇಕು. ಗೊತ್ತಿತ್ತು. ಆದರೂ ಆಚೆಬದಿಯ ಕಮರಿಗೆ ಹೆದರಿ ದಿಬ್ಬದ ಕಡೆಗೇ ತಿರುಗಿಸಿದೆ. ಹ್ಯಾಂಡಲ್ ಹೊರೆಗೆ ಬಡಿಯಿತು. ಅಜ್ಜಿ ಬೋರಲು ಬಿದ್ದರು.

"ಏನಾಗಿಲ್ಲ… ಹೊರೆ ಒಂಚೂರು ಎತ್ಕೊಡು ತಾಯಿ," ಎಂದರು, ನೆಲ ನೋಡುತ್ತಲೇ.

ನನ್ನ ಮುಖ ನೋಡಿಬಿಟ್ಟರೆ? ಹೊರೆ ಎತ್ತಿಕೊಡದೆ ಸೈಕಲ್ ಹತ್ತಿ ಬಂದುಬಿಟ್ಟೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 11, ಮಂಗಳವಾರ

ಸೌದೆ ಹೆಂಗಸರು ಬಂದರು. ಅಜ್ಜಿ ಬರಲಿಲ್ಲ. ಕಾಡಿನ ಗೇಟಿನ ಗಾರ್ಡ್ ಮುಚೀರಿ ನನ್ನನ್ನು ತಡೆದು ನಿಲ್ಲಿಸಿದ.

"ಮೇಡಂ, ಯಾರೋ ಸೈಕಲ್‌ನವಳು ಕಬೂರಾ ಅಜ್ಜೀನ ಗುದ್ದಿ ಓಡಿಹೋಗಿದಾಳೆ. ಸೊಂಟ ಹಿಡಿದು ಮಲಗಿಬಿಟ್ಟಿದೆ ಅಜ್ಜಿ. ಮುಖ ನೋಡಿಲ್ವಂತೆ, ದನಿ ಕೇಳಿದ್ರೆ ಹೇಳ್ತೀನಿ ಅಂತಿದೆ. ನಿಮ್ಮೋರಿಗೆ ನೀವೇ ಒಂದಿಷ್ಟು ಬುದ್ಧಿ ಹೇಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಬೆಲ್ ಮೇಲೆ ಹೋಯಿತು. ಬರೀ ತಲೆಯಾಡಿಸಿದೆ. ಬಾಯಿ ಬಿಡಲು ಭಯ.

ಮಾರ್ಚ್ 16, ಭಾನುವಾರ

ಪಾಠ ರದ್ದು ಮಾಡಿದೆ. ಗಂಟಲು ಕಟ್ಟಿದೆ ಎಂದು ಮೆಸೇಜ್. ನಾನೇ ಎಂದು ಹೇಳಿದರೆ ಕಾಡಿಗೆ ಸೈಕಲ್ಲೇ ಬಂದ್. ಹೇಳದಿದ್ದರೆ ಎದೆಯೊಳಗಿನ ಈ ಡವಡವ ನಿಲ್ಲುವುದಿಲ್ಲ.

ಮಾರ್ಚ್ 23, ಭಾನುವಾರ, ಸಂಜೆ

ಅಜ್ಜಿಯ ಮನೆಗೆ ನಡೆದೇ ಹೋದೆ. ಅಜ್ಜಿ ಮಂಚದ ಮೇಲೆ. ಸೊಸೆ ರಾಗಿ ಗಂಜಿ ಕೊಟ್ಟಳು. ಪಿಸುಮಾತಿನಲ್ಲೇ ಕೇಳಿದೆ, ಬಿದ್ದದ್ದಕ್ಕೆ ಹೀಗಾಯಿತೇ ಎಂದು.

"ಬಿದ್ದಿದ್ದಕ್ಕಲ್ಲ ಮಗಳೇ. ಬಿಸಿಲೇರೋ ತನಕ ಕಾದೆ, ಒಂದು ನರಪಿಳ್ಳೆ ಬರ್ಲಿಲ್ಲ. ಒಬ್ಳೇ ಹೊರೆ ಎತ್ತಿದೆ ನೋಡು, ಆಗ ಹೋಯ್ತು ಸೊಂಟ."

"ಅದೇನು ಪಿಸುಗುಡ್ತೀಯ? ಒಂದ್ಸಲ ಕೂಗು ನೋಡೋಣ. ದಾರಿ ಬಿಡಿ ಅಂತ."

ಬಟ್ಟಲು ಕೆಳಗಿಟ್ಟೆ. ಕೂಗಿದೆ.

ಅಜ್ಜಿ ಕಣ್ಣು ಮುಚ್ಚಿಕೊಂಡರು. "ಅಷ್ಟೊತ್ತು ಕಾದೆ," ಎಂದರು. "ಈಗ ಬಂದ್ಯಾ?"

"ನಾನೇ ಅಜ್ಜಿ, ಅವತ್ತು ಓಡಿಹೋದವಳು," ಎಂದೆ, ಪಿಸುಗುಡದೆ.